ಜೊತೆಗೆ ಯಾರಿದ್ದಾರೆ?

ನಮ್ಮ ಕಡೆಯ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಕಾಯಿಲೆ ಏನೆಂದು ಕೇಳುವುದಕ್ಕೆ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ‘ಜೊತೆಗೆ ಯಾರಿದ್ದಾರೆ?’ ಚೀಟಿ ಬರೆಯುವ ಕೌಂಟರಿನಲ್ಲಿ ಕೇಳುತ್ತಾರೆ, ರಕ್ತ ತೆಗೆಯುವ ಕೋಣೆಯಲ್ಲಿ ಕೇಳುತ್ತಾರೆ, ವಾರ್ಡಿಗೆ ಸೇರಿಸಿಕೊಳ್ಳುವಾಗ ಕೇಳುತ್ತಾರೆ, ಇಲ್ಲಿ ಆಗುವುದಿಲ್ಲ ಶಿವಮೊಗ್ಗಕ್ಕೆ ಹೋಗಿ ಎಂದು ಬರೆದುಕೊಡುವಾಗಲಂತೂ ಕೇಳಿಯೇ ಕೇಳುತ್ತಾರೆ. ಕೇಳುವವರ ಮೇಲೆ ನನಗೆ ದೂರಿಲ್ಲ. ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವವರು, ರಕ್ತದ ಮಾದರಿಯನ್ನು ಲ್ಯಾಬಿಗೆ ಮುಟ್ಟಿಸಿ ವರದಿ ತರುವವರು, ಒಳಗೆ ಸಿಗದ ಔಷಧಿಯನ್ನು ಹೊರಗಿನ ಅಂಗಡಿಯಿಂದ ಕೊಂಡು ತರುವವರು, ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂದಾಗ ಸಿಸ್ಟರನ್ನು ಕರೆಯುವವರು, ರಾತ್ರಿ ರೋಗಿಯನ್ನು ಕೈಹಿಡಿದು ಕಕ್ಕಸಿಗೆ ಕರೆದೊಯ್ಯುವವರು, ರಕ್ತ ಬೇಕಾದಾಗ ಬದಲಿಗೆ ತಮ್ಮ ತೋಳು ಚಾಚುವವರು ಎಲ್ಲರೂ ಆ ಜೊತೆಗಾರರೇ. ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲದ ಈ ನೌಕರ ಬಾರದಿದ್ದರೆ ಆಸ್ಪತ್ರೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಅಲ್ಲಿರುವ ಎಲ್ಲರಿಗೂ ಗೊತ್ತು.

ಕೆಲವು ವರ್ಷಗಳಿಂದ ಈ ಪ್ರಶ್ನೆಗೆ ‘ಯಾರೂ ಇಲ್ಲ’ ಎಂದು ಉತ್ತರಿಸುವವರನ್ನು ಗಮನಿಸುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ. ಬಡವರೆಲ್ಲ ಹಾಗೆ ಉತ್ತರಿಸುವುದಿಲ್ಲ. ಬಡ ಗಂಡಸಿನ ಹಾಸಿಗೆಯ ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ತಂಗಿಯೋ ಕುಳಿತಿರುತ್ತಾರೆ. ಹೆಂಗಸರೆಲ್ಲರೂ ಹಾಗೆ ಉತ್ತರಿಸುವುದಿಲ್ಲ. ತೋಟ, ಮನೆ, ವಾಹನ ಇರುವ ಕುಟುಂಬದ ಹೆಂಗಸಿನ ಹಿಂದೆ ನಾಲ್ಕು ಜನ ಬಂದಿರುತ್ತಾರೆ. ದಲಿತರೆಲ್ಲರೂ ಹಾಗೆ ಉತ್ತರಿಸುವುದಿಲ್ಲ. ಒಳ್ಳೆಯ ನೌಕರಿ ಹಿಡಿದ ಮಗನಿರುವ ಮನೆಯವರು ಫೋನಿನಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಬಲ್ಲರು. ಇವೆಲ್ಲ ಒಬ್ಬರಲ್ಲೇ ಬಂದು ಕೂಡಿದಾಗ, ಅದರ ಮೇಲೆ ವಯಸ್ಸೋ ಅಂಗವೈಕಲ್ಯವೋ ಸೇರಿಕೊಂಡಾಗ, ಕೌಂಟರಿನ ಮುಂದೆ ನಿಂತವರ ಹಿಂದೆ ಯಾರೂ ಇರುವುದಿಲ್ಲ.

ದರಗು ಗುಡಿಸಿದವರ ಜ್ವರ

ಮಂಗನ ಕಾಯಿಲೆಯ ಬಗ್ಗೆ ಮಲೆನಾಡಿನ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗಿನಿಂದ ಈ ವೈರಾಣು ಜ್ವರ ನಮ್ಮೊಡನೆಯೇ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮಾಡಿದ ಅನಾಹುತ ಇನ್ನೂ ಹಸಿಯಾಗಿದೆ. ಆದರೆ ಮಂಗ ಮತ್ತು ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಬಗ್ಗೆ ಆಡುವಷ್ಟು ಮಾತನ್ನು ನಾವು ದರಗಿನ, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆಯ ಬಗ್ಗೆ ಆಡುವುದಿಲ್ಲ. ಕಾಯಿಲೆಯ ಕಾಲವಾದ ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲೇ ಕಾಡಿನಲ್ಲಿ ಎಲೆ ಉದುರುತ್ತದೆ, ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ದರಗು ಬೇಕಾಗುತ್ತದೆ, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಬೇಕಾಗುತ್ತದೆ. ತೋಟದ ಯಜಮಾನ ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಗ್ಗಿ ದರಗು ಗುಡಿಸುವುದಿಲ್ಲ. ಗುಡಿಸುವವರು ಹೆಚ್ಚಾಗಿ ಕೂಲಿ ಹೆಂಗಸರು. ಉಣುಗು ಜಾತಿ ನೋಡಿ ಕಚ್ಚುವುದಿಲ್ಲ, ನಿಜ. ಆದರೆ ಉಣುಗಿರುವ ಜಾಗಕ್ಕೆ ಯಾರು ಬಗ್ಗಿ ಕೈಹಾಕಬೇಕು ಎಂಬುದನ್ನು ಜಾತಿ, ಭೂಮಿ ಮತ್ತು ಹೆಣ್ಣುತನ ಸೇರಿ ಎಂದೋ ತೀರ್ಮಾನಿಸಿಬಿಟ್ಟಿವೆ. ಲಸಿಕೆ ಕೊಡುತ್ತಿದ್ದ ಕಾಲದಲ್ಲೂ ತಿಂಗಳ ಅಂತರದಲ್ಲಿ ಎರಡು ಸೂಜಿ, ಆಮೇಲೊಂದು ಬೂಸ್ಟರ್, ಬಳಿಕ ವರ್ಷ ವರ್ಷ ಮತ್ತೊಂದು ಎಂಬ ಕ್ರಮವಿತ್ತು. ಒಂದೊಂದು ಸೂಜಿಗೂ ಕೂಲಿ ಬಿಡಬೇಕಾದವರು ಅದನ್ನು ತಪ್ಪಿಸಿದಾಗ ‘ಜನರಿಗೆ ತಿಳಿವಳಿಕೆ ಇಲ್ಲ’ ಎಂದು ಹೇಳುವುದು ಸುಲಭವಾಗಿತ್ತು. ಪರಿಣಾಮ ಸಾಲದೆಂದು ಆ ಲಸಿಕೆಯನ್ನು ನಿಲ್ಲಿಸಿದ ಮೇಲೆ ಕಾಡಿಗೆ ಹೋಗುವಾಗ ಮೈಗೆ ಹಚ್ಚಿಕೊಳ್ಳುವ ಎಣ್ಣೆಯೇ ಮುಖ್ಯ ರಕ್ಷಣೆಯಾಗಿ ಉಳಿದಿದೆ.

ಅಂಥದೊಂದು ಕಾಲದಲ್ಲಿ ನಮ್ಮ ತೋಟಕ್ಕೆ ಬರುತ್ತಿದ್ದ ಹೆಂಗಸೊಬ್ಬರಿಗೆ ಜ್ವರ ಬಂತು. ಐವತ್ತು ದಾಟಿದವರು, ಗಂಡ ತೀರಿಕೊಂಡವರು, ಕಾಲೋನಿಯ ಕೊನೆಯ ಮನೆಯವರು. ಚಿಕ್ಕಂದಿನಲ್ಲಿ ಬಂದ ಯಾವುದೋ ಕಾಯಿಲೆಯಿಂದ ಎರಡೂ ಕಿವಿ ಮಂದವಾಗಿದ್ದವು. ನಾನು ಬೇರೆ ಕೆಲಸಕ್ಕೆ ಪೇಟೆಗೆ ಹೊರಟಿದ್ದೆನಾದ್ದರಿಂದ ಅವರನ್ನೂ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ, ಬೆಂಚಿನ ಮೇಲೆ ಅವರನ್ನು ಕೂರಿಸಿ, ಬ್ಯಾಂಕಿನ ಕೆಲಸ ಮುಗಿಸಿ ಬಂದು ನೋಡಿದರೆ ನಮ್ಮ ನಂತರ ಬಂದವರೆಲ್ಲ ಔಷಧಿ ಹಿಡಿದು ಹೊರಗೆ ಹೋಗುತ್ತಿದ್ದರು. ಇವರು ಕೂತಲ್ಲೇ ಕೂತಿದ್ದರು. ಒಳಗಿನಿಂದ ಹೆಸರು ಕೂಗಿದ್ದಾರೆ, ಇವರಿಗೆ ಕೇಳಿಸಿಲ್ಲ, ಚೀಟಿ ಅಡಿಗೆ ಹೋಗಿದೆ. ಮತ್ತೊಮ್ಮೆ ಕೂಗಿದ್ದಾರೆ, ಮತ್ತೆ ಅಡಿಗೆ ಹೋಗಿದೆ. ಬಾಗಿಲಲ್ಲಿ ನಿಂತಿದ್ದಾತ ‘ಅವಾಗಿಂದ ಕೂಗ್ತಾ ಇದೀವಿ, ಎಲ್ಲಿ ಹೋಗಿದ್ದೆ ನೀನು?’ ಎಂದು ಅವರನ್ನು ಗದರಿಸಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ ‘ಮೇಡಂ, ನೀವು ಬನ್ನಿ ಒಳಗೆ’ ಎಂದ. ನನಗಿಂತ ಆಕೆ ಹದಿನೈದು ವರ್ಷವಾದರೂ ದೊಡ್ಡವರು.

ಒಳಗೆ ವೈದ್ಯರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು, ಆದರೆ ನನ್ನನ್ನು ಕೇಳಿದರು: ಜ್ವರ ಎಷ್ಟು ದಿನದಿಂದ ಇದೆ? ಮಂಗನ ಕಾಯಿಲೆಯ ಶಂಕೆಯಿದ್ದಾಗ ಈ ಪ್ರಶ್ನೆಗೆ ಬಹಳ ಬೆಲೆಯಿದೆ. ಮೊದಲ ದಿನಗಳಲ್ಲಾದರೆ ರಕ್ತದಲ್ಲಿ ವೈರಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ನಡೆಯುತ್ತದೆ. ದಿನ ಕಳೆದ ಮೇಲೆ ದೇಹ ಹುಟ್ಟಿಸಿದ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ನಾನು ತಿರುಗಿ ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ. ‘ಅಮಾಸೆ ಮಾರನೇ ದಿನದಿಂದ ಐತೆ ಅಮ್ಮ, ಅವತ್ತು ದರಗು ಹೊತ್ತು ತಂದು ಹಾಕಿ ಬಂದು ಮಲಗಿದ್ದು’ ಎಂದರು. ವೈದ್ಯರು ಕ್ಯಾಲೆಂಡರಿನ ಕಡೆ ನೋಡಿ ದಿನ ಎಣಿಸಿ ಬರೆದುಕೊಂಡರು. ಅಷ್ಟು ನಿಖರವಾದ ಉತ್ತರ ಕೊಡಬಲ್ಲವರನ್ನು ಪಕ್ಕಕ್ಕಿಟ್ಟು ಏನೂ ಗೊತ್ತಿಲ್ಲದ ನನ್ನನ್ನು ಕೇಳುವಂತೆ ಮಾಡಿದ್ದು ಯಾವುದು? ಕಿವುಡುತನವೇ? ಉಟ್ಟ ಸೀರೆಯೇ? ಕಾಲೋನಿಯ ಹೆಸರೇ? ಬೇರೆಯವರ ಮನೆಯ ಹೆಂಗಸಾಗಿ ನಾನು ಪಕ್ಕದಲ್ಲಿ ನಿಂತಿದ್ದೇ? ಇವುಗಳನ್ನು ಬೇರೆ ಬೇರೆ ಎಳೆಯಾಗಿ ಬಿಡಿಸಿ, ಇದರಿಂದ ಇಷ್ಟು, ಅದರಿಂದ ಅಷ್ಟು ಎಂದು ಲೆಕ್ಕ ಕೊಡಲು ನನ್ನಿಂದ ಇಂದಿಗೂ ಆಗಿಲ್ಲ. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇಲ್ಲವೆಂದೇ ಬಂತು, ಜ್ವರವೂ ಇಳಿಯಿತು, ಅವರು ಮತ್ತೆ ಕೆಲಸಕ್ಕೆ ಬಂದರು. ಅನ್ಯಾಯವನ್ನು ಗುರುತಿಸುವುದಕ್ಕೆ ಯಾರೋ ಸಾಯಲೇಬೇಕು ಎಂಬ ನಮ್ಮ ಸುದ್ದಿಮನೆಗಳ ನಿಯಮಕ್ಕೆ ಇದು ಒಗ್ಗುವುದಿಲ್ಲ, ಅಷ್ಟೇ.

ಒಬ್ಬರಿಗೆ ಒಂದೇ

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಬಡವರಿಗೆ ಬಿಪಿಎಲ್ ಕಾರ್ಡಿದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅಡಿಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ವಿಧವೆಗೆ ಪಿಂಚಣಿಯಿದೆ, ಅಂಗವಿಕಲರಿಗೆ ಪಿಂಚಣಿಯಿದೆ. ಇವುಗಳಲ್ಲಿ ಒಂದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದೊಂದು ಯೋಜನೆಯೂ ಒಂದೊಂದು ಕೊರತೆಯನ್ನು ಮಾತ್ರ ಎದುರಿಗೆ ಕೂರಿಸಿಕೊಂಡು ಮಾತಾಡುತ್ತದೆ. ಉಚಿತ ಬಸ್ಸು ಹೆಂಗಸನ್ನು ನೋಡುತ್ತದೆ. ಆಕೆಯ ಊರಿಗೆ ಖಾಸಗಿ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದನ್ನು ನೋಡುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಒಳದಾರಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಂಚಣಿಯ ವಿಚಾರವಂತೂ ಇನ್ನೂ ಸ್ಪಷ್ಟ: ವಿಧವೆಯೂ ಆಗಿ ಅಂಗವಿಕಲೆಯೂ ಆದವಳು ಎರಡನ್ನೂ ಪಡೆಯುವಂತಿಲ್ಲ, ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ಕಷ್ಟ ಎರಡಾದರೂ ಅರ್ಜಿ ಒಂದೇ ಇರಬೇಕು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಮತ್ತೆ ಆಸ್ಪತ್ರೆ, ಮತ್ತೆ ಸಾಲು, ಶೇ 40 ದಾಟಿದೆಯೇ ಎಂಬ ಅಳತೆ; ಅಲ್ಲಿಗೂ ಜೊತೆಗೊಬ್ಬರು ಬೇಕು.

ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇಂಥದೇ ತೊಡಕನ್ನು ಮೊಕದ್ದಮೆಯೊಂದರ ಮೂಲಕ ತೋರಿಸಿದ್ದರು. ಜನರಲ್ ಮೋಟರ್ಸ್ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಐವರು ಕಪ್ಪು ಮಹಿಳೆಯರು ತಾರತಮ್ಯದ ದೂರು ಕೊಟ್ಟಿದ್ದರು. ಆರ್ಥಿಕ ಹಿಂಜರಿತದಲ್ಲಿ ಸೇವಾ ಹಿರಿತನ ನೋಡಿ ಜನರನ್ನು ಕಡಿತಗೊಳಿಸಿದಾಗ, 1964ಕ್ಕೆ ಮೊದಲು ಕಂಪನಿ ಕಪ್ಪು ಮಹಿಳೆಯರನ್ನು ತೆಗೆದುಕೊಂಡೇ ಇರಲಿಲ್ಲವಾದ್ದರಿಂದ, ಅವರೇ ಹೊರಬಿದ್ದರು. ಕಂಪನಿ ಮಹಿಳೆಯರಿಗೆ ಕೆಲಸ ಕೊಟ್ಟಿತ್ತು, ಅವರು ಬಿಳಿಯರು. ಕಪ್ಪು ಜನರಿಗೂ ಕೊಟ್ಟಿತ್ತು, ಅವರು ಗಂಡಸರು. ಹೀಗಾಗಿ ಹೆಣ್ಣೆಂಬ ತಾರತಮ್ಯವೂ ಸಾಬೀತಾಗದು, ಬಣ್ಣದ ತಾರತಮ್ಯವೂ ಆಗದು; ಎರಡನ್ನೂ ಕೂಡಿಸಿ ಹೊಸದೊಂದು ದೂರು ಮಾಡಿಕೊಳ್ಳಲು ಬರುವುದಿಲ್ಲ ಎಂದು ನ್ಯಾಯಾಲಯ 1976ರಲ್ಲಿ ಹೇಳಿತ್ತು. ನಮ್ಮ ಸುಪ್ರೀಂ ಕೋರ್ಟು 2021ರಲ್ಲಿ ಪಾಟನ್ ಜಮಾಲ್ ವಲಿ ಪ್ರಕರಣದ ತೀರ್ಪಿನಲ್ಲಿ, ಅತ್ಯಾಚಾರಕ್ಕೆ ಒಳಗಾದ ಪರಿಶಿಷ್ಟ ಜಾತಿಯ ಅಂಧ ಯುವತಿಯ ಸಂದರ್ಭದಲ್ಲಿ, ಜಾತಿ, ಲಿಂಗ ಮತ್ತು ಅಂಗವೈಕಲ್ಯ ಒಟ್ಟಾಗಿ ಬಂದಾಗ ಅವುಗಳನ್ನು ಪ್ರತ್ಯೇಕಿಸಿ ನೋಡಲಾಗದು ಎಂದು ವಿವರವಾಗಿ ಬರೆಯಿತು. ಆದರೂ ಕೃತ್ಯ ಜಾತಿಯ ಕಾರಣಕ್ಕೇ ನಡೆಯಿತೆಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆಯನ್ನು ತೆಗೆದುಹಾಕಬೇಕಾಯಿತು. ಅತ್ಯಾಚಾರಕ್ಕೆ ವಿಧಿಸಿದ್ದ ಜೀವಾವಧಿ ಉಳಿಯಿತು. ನ್ಯಾಯಾಲಯಕ್ಕೇ ಬಿಡಿಸಲು ಕಷ್ಟವಾದ ಗಂಟನ್ನು ಚೀಟಿ ಬರೆಯುವ ಗುಮಾಸ್ತ ಬಿಡಿಸಲಿ ಎಂದು ಅಪೇಕ್ಷಿಸುವುದು ಅನ್ಯಾಯವೆನಿಸಬಹುದು. ಆದರೆ ಗುಮಾಸ್ತನ ಮುಂದಿರುವ ನಮೂನೆಯನ್ನು ಮಾಡಿದವರು ಗುಮಾಸ್ತರಲ್ಲವಲ್ಲ.

ಹಂದಿಗೋಡಿನಿಂದ ಕಲಿಯಬೇಕಾದ್ದು

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಮಾತಾಡುವಾಗ ಸಾಗರದ ಬಳಿಯ ಹಂದಿಗೋಡನ್ನು ದಾಟಿ ಮುಂದೆ ಹೋಗಲು ಸಾಧ್ಯವಿಲ್ಲ. 1970ರ ದಶಕದ ನಡುವಿನಲ್ಲಿ ಅಲ್ಲಿ ಬೆಳಕಿಗೆ ಬಂದ ಕೀಲುಮೂಳೆಯ ಕಾಯಿಲೆ, ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಸವೆಸಿ, ಕೆಲವರ ಬೆಳವಣಿಗೆಯನ್ನೇ ಕುಗ್ಗಿಸುವ ಕಾಯಿಲೆ, ಹೆಚ್ಚುಕಡಿಮೆ ಚಲವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳಲ್ಲೇ ಕಂಡುಬಂತು. ಮೊದಲು ಸಂಶಯ ಹೋದದ್ದು ಗದ್ದೆಯ ಏಡಿಯ ಮೇಲೆ: ಕೀಟನಾಶಕ ಬಿದ್ದ ಗದ್ದೆಯಲ್ಲಿ ಹಿಡಿದ ಏಡಿ, ಮೀನು ತಿಂದದ್ದರಿಂದ ಹೀಗಾಯಿತೇ ಎಂದು. ಆ ಗದ್ದೆಗೆ ಔಷಧಿ ಹೊಡೆಸಿದವರ ಬಗ್ಗೆ ಅಷ್ಟು ಕುತೂಹಲ ಹುಟ್ಟಲಿಲ್ಲ. ಮುಂದೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಅನುವಂಶೀಯ ದೋಷವೆಂದು ತಜ್ಞರು ತೀರ್ಮಾನಿಸಿದ ಮೇಲೆ ಮಾತು ‘ತಮ್ಮತಮ್ಮೊಳಗೇ ಮದುವೆಯಾಗುತ್ತಾರೆ’ ಎಂಬಲ್ಲಿಗೆ ಬಂದು ನಿಂತಿತು. ಮಲೆನಾಡಿನ ಯಾವ ಜಾತಿ ತಮ್ಮೊಳಗೆ ಮದುವೆಯಾಗುವುದಿಲ್ಲ? ಹವ್ಯಕರೂ ಒಕ್ಕಲಿಗರೂ ದೀವರೂ ಲಿಂಗಾಯತರೂ ಹೆಣ್ಣುಗಂಡು ಹುಡುಕುವುದು ತಮ್ಮ ಬೇಲಿಯೊಳಗೇ. ಬೇಲಿ ಎಲ್ಲರದೂ ಆಗಿರುವಾಗ ಅದರ ಬೆಲೆಯನ್ನು ಮೂಳೆಯಲ್ಲಿ ತೆತ್ತವರಿಗೇ ಬುದ್ಧಿ ಹೇಳುವುದು ನಮಗೆ ಸಹಜವಾಗಿ ಕಂಡಿತು.

ಈ ಕಾಯಿಲೆಯಲ್ಲಿ ಜಾತಿ ಎಷ್ಟು, ಬಡತನ ಎಷ್ಟು, ಅಂಗವೈಕಲ್ಯ ಎಷ್ಟು ಎಂದು ಭಾಗ ಮಾಡಲು ಕುಳಿತರೆ ಕೆಲಸ ಕೆಡುತ್ತದೆ. ಸೊಂಟದ ಕೀಲು ಸವೆದ ಮೇಷ್ಟರೊಬ್ಬರು ಕುರ್ಚಿಯ ಮೇಲೆ ಕುಳಿತು ಪಾಠ ಹೇಳಬಹುದು. ನಾಟಿಗೆ ಬಗ್ಗಲೇಬೇಕಾದವಳಿಗೆ ಅದೇ ಸವೆತ ಅನ್ನವನ್ನೇ ಕಸಿಯುತ್ತದೆ. ಬಗ್ಗಲಾಗದವಳನ್ನು ಮುಂದಿನ ವರ್ಷ ನಾಟಿಗೆ ಕರೆಯುವುದಿಲ್ಲ. ಕೂಲಿಯಿಲ್ಲದವಳನ್ನು ಮನೆಯಲ್ಲಿ ಮೂಲೆಗೆ ಕೂರಿಸುತ್ತಾರೆ. ಅವಳ ಜೊತೆ ಶಿವಮೊಗ್ಗಕ್ಕೆ ಹೋಗಿಬರಲು ಇನ್ನೊಬ್ಬರು ಕೂಲಿ ಬಿಡಬೇಕು. ಗುಣಪಡಿಸುವ ಔಷಧಿಯಿಲ್ಲದ, ನೋವು ತಡೆದು ನಡೆದಾಡಿಸುವುದೇ ಚಿಕಿತ್ಸೆಯಾದ ಕಾಯಿಲೆಯಲ್ಲಿ ಮತ್ತೆ ಮತ್ತೆ ಹೋಗುವುದೇ ಮುಖ್ಯ. ಮತ್ತೆ ಮತ್ತೆ ಬರುವ ಜೊತೆಗಾರರು ಯಾರಿಗಿದ್ದಾರೆ?

ಎರಡು ಕೂಲಿಯ ಲೆಕ್ಕ

ಸುಲಿಯುವ ಯಂತ್ರ ನಮ್ಮೂರಿಗೆ ಇನ್ನೂ ಬಾರದಿದ್ದ ಕಾಲದಲ್ಲಿ ಕೊಯ್ಲಿನ ದಿನಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ನಮ್ಮ ಅಂಗಳದಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರ ಮಾತು ಮದುವೆ, ಸಾಲ, ಸಂಘ ಎಲ್ಲವನ್ನೂ ಸುತ್ತಿ ಬಂದು ಕೊನೆಗೆ ಮೈಕೈ ನೋವಿಗೆ ಇಳಿಯುತ್ತಿತ್ತು. ಒಂದು ರಾತ್ರಿಯ ಮಾತು ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆನೋವೆಂದು ಬಹಳ ದಿನದಿಂದ ಹೇಳುತ್ತಿದ್ದವರೊಬ್ಬರಿಗೆ ನಮ್ಮತ್ತೆ, ‘ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ವಲ್ಲೇ, ತೋರಿಸ್ಕೊಂಡ್ ಬಾ’ ಎಂದರು. ಆಕೆ ಕೈ ನಿಲ್ಲಿಸದೆ ಹೇಳಿದರು: ‘ದುಡ್ಡಿಲ್ಲ ಅಂದ್ರೆ ಆತಾ ಅಮ್ಮ? ಆಸ್ಪತ್ರಿಗೆ ಹೋಗದು ಅಂದ್ರೆ ಎಲ್ಡು ಕೂಲಿ ಹೋತು ಅಂತ್ಲೇ. ನಂದೊಂದು, ಜೊತಿಗೆ ಬಂದೋರ್ದೊಂದು.’ ಮಗನನ್ನು ಕರೆದುಕೊಂಡು ಹೋಗಬಹುದಲ್ಲ ಎಂದದ್ದಕ್ಕೆ ಪಕ್ಕದಲ್ಲಿ ಕುಳಿತಿದ್ದವರು ನಕ್ಕರು. ‘ಗಂಡಾಳಿನ ಕೂಲಿ ಬಿಡ್ಸಿ ಯಾರಾದ್ರೂ ಆಸ್ಪತ್ರಿಗೆ ಹೋಗ್ತಾರಾ? ಮಗಳಿದಾಳೆ, ಇಸ್ಕೂಲಿಗೆ ಒಂದಿನ ಚಕ್ಕರ್ ಹಾಕಿದ್ರೆ ಆತು.’

ಈ ನಾಲ್ಕು ಮಾತಿನಲ್ಲಿ ಎಷ್ಟು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಒಂದೇ ತೋಟದಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಕೂಲಿ ಬೇರೆ. ಅದನ್ನು ನಾವು ಕೂಲಿಯ ಪ್ರಶ್ನೆ ಎಂದುಕೊಂಡಿದ್ದೇವೆ. ಆದರೆ ಆ ವ್ಯತ್ಯಾಸವೇ ಆಸ್ಪತ್ರೆಗೆ ಜೊತೆಯಾಗಿ ಯಾರು ಹೋಗಬೇಕೆಂದು ನಿರ್ಧರಿಸುತ್ತದೆ. ಮನೆಯಲ್ಲಿ ಯಾರ ದಿನ ಅಗ್ಗವೋ ಅವರು ಹೋಗುತ್ತಾರೆ, ಎಂದರೆ ಶಾಲೆಗೆ ಹೋಗುವ ಹೆಣ್ಣುಮಗು ಹೋಗುತ್ತದೆ. ಎಂಟನೇ ತರಗತಿಯ ಹುಡುಗಿ ಕೌಂಟರಿನಲ್ಲಿ ನಿಂತು ದನಿಯೆತ್ತಿ ಮಾತಾಡಲಾರಳು, ಅಮ್ಮನ ಬಿಳಿಸೆರಗಿನ ಬಗ್ಗೆ ಗಂಡು ವೈದ್ಯರ ಮುಂದೆ ಬಾಯಿಬಿಡಲಾರಳು, ರಕ್ತ ಕೊಡಲು ಅವಳಿಗೆ ವಯಸ್ಸಾಗಿರುವುದಿಲ್ಲ. ಹಾಗೆ ಹೋಗಿಬಂದವರು ‘ನೋಡಿದ್ರು, ಮಾತ್ರೆ ಕೊಟ್ರು’ ಎಂದು ಹೇಳುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲಿ ಅದೊಂದು ಪೂರ್ಣಗೊಂಡ ಭೇಟಿ. ಆ ಹುಡುಗಿಗೆ ಎಷ್ಟು ಹಾಜರಾತಿ ತಪ್ಪಿತು ಎಂಬ ಲೆಕ್ಕ ಶಾಲೆಯಲ್ಲಿರುತ್ತದೆ, ಆರೋಗ್ಯ ಇಲಾಖೆಯಲ್ಲಿರುವುದಿಲ್ಲ. (ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಾದರೆ ಇದಕ್ಕೆ ಲಾಂಚಿನ ಲೆಕ್ಕವೂ ಸೇರುತ್ತಿತ್ತು. ಸಂಜೆಯ ಮೇಲೆ ಲಾಂಚ್ ಇಲ್ಲವಾದ್ದರಿಂದ ಆಸ್ಪತ್ರೆಗೆ ಹೋಗುವುದೆಂದರೆ ಅಲ್ಲೇ ರಾತ್ರಿ ಕಳೆಯಲು ಸಿದ್ಧರಾಗಿ ಹೋಗುವುದಾಗಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟವರ ಮೊಮ್ಮಕ್ಕಳು ಅಜ್ಜಅಜ್ಜಿಯರಾಗುವ ಹೊತ್ತಿಗೆ ಎನ್ನಬೇಕು.)

ಹೆರಿಗೆಗೆ ಮಾತ್ರ ಸಿಗುವ ಜೊತೆ

ಜೊತೆಗಾರರ ಅಗತ್ಯ ಸರ್ಕಾರಕ್ಕೆ ಗೊತ್ತೇ ಇಲ್ಲವೆಂದಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆತರುವ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಗೊತ್ತುಮಾಡಿದರು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಉಚಿತ ವಾಹನ, ತಾಯಿಗೆ ಉಚಿತ ಊಟ ಸೇರಿದವು. ಹೆರಿಗೆ ಕೋಣೆಯೊಳಗೆ ಜೊತೆಗೊಬ್ಬ ಹೆಂಗಸನ್ನು ಬಿಡಬೇಕೆಂದು 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತು. ಹೆರಿಗೆಯ ಮಟ್ಟಿಗೆ ಮಾತ್ರ, ವಾಹನ, ಊಟ, ಜೊತೆ ಇವಿಲ್ಲದೆ ಉಚಿತ ಚಿಕಿತ್ಸೆ ಎಂಬುದು ಅಪೂರ್ಣ ಎಂದು ಒಪ್ಪಿಕೊಂಡಾಯಿತು. ಅದರ ಫಲವನ್ನೂ ಕಂಡಿದ್ದೇವೆ. ನಮ್ಮ ಕಾಲೋನಿಯಲ್ಲಿ ಮನೆಯಲ್ಲೇ ಹೆರಿಗೆಯಾದ ಸುದ್ದಿ ಕೇಳಿ ಬಹಳ ವರ್ಷಗಳಾದವು.

ಹಾಗಾದರೆ ಹೆಂಗಸೊಬ್ಬಳು ಬಸುರಿಯಾಗಿರುವಷ್ಟು ಕಾಲ ಮಾತ್ರ ಅವಳ ಜೊತೆಗೆ ರಾಜ್ಯವೇ ನಿಂತಿರುತ್ತದೆ ಎಂದಾಯಿತು. ಹೆರುವ ವಯಸ್ಸು ದಾಟಿದ ಮೇಲೆ ಅದೇ ಮೈಗೆ ಜ್ವರ ಬಂದರೆ, ಗರ್ಭಕೋಶ ಜಾರಿದರೆ, ಕೀಲು ಸವೆದರೆ, ಕಿವಿ ಕೇಳದಿದ್ದರೆ ಅವಳು ಮತ್ತೆ ತನ್ನ ಜಾತಿ, ತನ್ನ ಕೂಲಿ, ತನ್ನ ಒಂಟಿತನದ ಪಾಲಿಗೆ ಬಿದ್ದಳು. ಇಲ್ಲಿ ವಯಸ್ಸು ಕೂಡ ಒಂದು ತಾರತಮ್ಯವೇ.

ನನ್ನ ಗೆಳತಿಯೊಬ್ಬಳು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯೆ. ಜೊತೆಗಾರರಿಲ್ಲದ ರೋಗಿಗಳಿಗಾಗಿ ಸಂಬಳದ ಜೊತೆಗಾರರೊಬ್ಬರನ್ನು ಪ್ರತಿ ವಾರ್ಡಿನಲ್ಲೂ ಇಡಬೇಕೆಂದು ನಾನು ವಾದಿಸಿದಾಗ ಅವಳು ಅರ್ಧ ಒಪ್ಪಿದಳು, ಅರ್ಧ ಒಪ್ಪಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸು ಇಡೀ ವಾರ್ಡನ್ನು ನೋಡಿಕೊಳ್ಳುವ ಸ್ಥಿತಿಯಿರುವಾಗ ಮೊದಲು ಕೇಳಬೇಕಾದ್ದು ನರ್ಸುಗಳನ್ನು, ನರ್ಸಿನ ಕೊರತೆಯನ್ನು ಮುಚ್ಚಲು ಕಡಿಮೆ ಸಂಬಳದ ಇನ್ನೊಬ್ಬಳನ್ನು ತರುವುದು ಸರ್ಕಾರಕ್ಕೆ ಅಗ್ಗದ ದಾರಿಯಾಗುತ್ತದೆ ಎಂಬುದು ಅವಳ ಮಾತು. ಅದನ್ನು ಅಲ್ಲಗಳೆಯಲು ನನಗೆ ಸಾಧ್ಯವಾಗಲಿಲ್ಲ. ಆದರೆ ಅವಳೇ ಹೇಳಿದ ಇನ್ನೊಂದು ವಿಷಯ ನನ್ನ ವಾದಕ್ಕೆ ಬಲ ಕೊಟ್ಟಿತು. ಯಾರೂ ಇಲ್ಲದೆ ಬಂದವರನ್ನು ಈಗ ನೋಡಿಕೊಳ್ಳುವುದು ವಾರ್ಡು ಗುಡಿಸುವ ಗುತ್ತಿಗೆಯ ಹೆಂಗಸು. ಆಕೆಯೂ ಬಹುತೇಕ ಅದೇ ಕಾಲೋನಿಗಳಿಂದ ಬಂದವಳು. ಬಟ್ಟೆ ಬದಲಿಸುತ್ತಾಳೆ, ಕಕ್ಕಸಿಗೆ ಹಿಡಿದುಕೊಂಡು ಹೋಗುತ್ತಾಳೆ, ವರದಿ ತಂದುಕೊಡುತ್ತಾಳೆ, ಹೊರಗಿನಿಂದ ಇಡ್ಲಿ ಕಟ್ಟಿಸಿ ತರುತ್ತಾಳೆ. ಇದ್ದವರಿಂದ ಹತ್ತೋ ಇಪ್ಪತ್ತೋ ಈಸಿಕೊಳ್ಳುತ್ತಾಳೆ, ಇಲ್ಲದವರನ್ನು ಬಿಡುತ್ತಾಳೆ. ಆ ಹತ್ತಿಪ್ಪತ್ತನ್ನು ಲಂಚ ಎಂದು ಬರೆದ ದೂರುಗಳು ಸಲಹಾ ಪೆಟ್ಟಿಗೆಯಲ್ಲಿ ಬೀಳುತ್ತವೆ. ಆಕೆ ಮಾಡುವ ಆ ಎಲ್ಲ ಕೆಲಸಕ್ಕೆ ಹೆಸರಾಗಲಿ ದರವಾಗಲಿ ಇಲ್ಲ.

‘ಹಾಗಿದ್ದರೆ ಹುದ್ದೆ ಮಾಡಿ ಅವಳಿಗೇ ಕೊಡಲಿ, ಕೆಲಸ ಕಲಿಸುವ ಅಗತ್ಯವೂ ಇಲ್ಲ’ ಎಂದೆ. ಗೆಳತಿ ನಕ್ಕಳು. ‘ಹುದ್ದೆ ಮಂಜೂರಾದ ದಿನ ಅರ್ಹತೆಯ ಜಾಗದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಅಂತ ಬರೀತಾರೆ, ನೋಡ್ತಿರು. ಇವಳು ಅಮ್ಮನ ಜೊತೆ ಆಸ್ಪತ್ರೆಗೆ ಓಡಾಡಿ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು.’